ಪೊನ್ನಣ್ಣನ ಪಾಲಿನ ರಮ್

ದೇಚಮ್ಮನ ತಮ್ಮ ಪೊನ್ನಣ್ಣ ಕಾರ್ಗಿಲ್ ಯುದ್ಧದಲ್ಲಿ ತೀರಿಕೊಂಡು ಇಪ್ಪತ್ತೈದು ವರ್ಷ ದಾಟಿತ್ತು. ಅಷ್ಟೂ ವರ್ಷ, ಜುಲೈ ತಿಂಗಳಲ್ಲಿ ಅವನು ಹೋದ ದಿನ, ಅವನ ಹೆಸರಿನಲ್ಲಿ ಒಂದು ಗ್ಲಾಸು ರಮ್ ತಪ್ಪದೆ ಸಲ್ಲುತ್ತ ಬಂದಿತ್ತು. ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ದೆಹಲಿಯ ದ್ವಾರಕಾದ ಸೊಸೈಟಿಯಲ್ಲಿ ಸ್ವಂತ ಫ್ಲ್ಯಾಟ್ ಆದರೂ, ಹಳೆಯ ಗ್ಲಾಸುಗಳು ಒಡೆದು ಹೊಸವು ಬಂದರೂ, ಮನೆಯವರ ಹಲ್ಲು ಮಂಡಿಗಳೆಲ್ಲ ಒಂದೊಂದಾಗಿ ಕೈಕೊಟ್ಟರೂ ರಮ್ ಮಾತ್ರ ನಿಂತಿರಲಿಲ್ಲ.

ತೀರಿಕೊಂಡವರಿಗೆ ಅವರವರ ಇಷ್ಟದ ಊಟ, ಇಷ್ಟದ ಕುಡಿತ ಎಡೆ ಇಡುವುದಕ್ಕೆ ಕೊಡವರು ಮೀದಿ ಎನ್ನುತ್ತಾರೆ. ದೇಚಮ್ಮನ ಮನೆಯ ಮೀದಿಯಲ್ಲಿ ಮಡಿಯ ಗಲಾಟೆ ಕಡಿಮೆ, ಅಡುಗೆಯ ಗಲಾಟೆ ಜಾಸ್ತಿ. ಬಾಳೆಲೆಯ ಮೇಲೆ ಹಂದಿ ಮಾಂಸದ ಪಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಪಕ್ಕದಲ್ಲಿ ಗ್ಲಾಸು. ದೀಪ ಹಚ್ಚಿ, ಹೋದವರನ್ನು ಹೆಸರು ಹಿಡಿದು ಕರೆದು, ಬಂದು ತಗೊಳ್ಳಿ ಎನ್ನಬೇಕು. ಸ್ವಲ್ಪ ಹೊತ್ತು ಬಿಟ್ಟು ಎಲೆಯಲ್ಲಿದ್ದುದನ್ನು ಮನೆಯವರು ಹಂಚಿಕೊಂಡು ತಿನ್ನುತ್ತಾರೆ. ಹೋದವರು ಎಷ್ಟು ತಿಂದರೋ ಗೊತ್ತಿಲ್ಲ, ಇದ್ದವರ ಹೊಟ್ಟೆಯಂತೂ ತುಂಬುತ್ತದೆ.

ಗ್ಲಾಸನ್ನು ಖಾಲಿ ಮಾಡುವ ಹೊಣೆ ದೇಚಮ್ಮನ ಗಂಡ ಬಿದ್ದಪ್ಪನದು. ಅವನೂ ಸೈನ್ಯದಲ್ಲಿದ್ದವನೇ, ಸುಬೇದಾರನಾಗಿ ನಿವೃತ್ತನಾದವನು. ಆದರೆ ಇಡೀ ಸರ್ವಿಸನ್ನು ಸರಬರಾಜು ವಿಭಾಗದ ಉಗ್ರಾಣದಲ್ಲಿ ಕಳೆದಿದ್ದ. ಬಂದೂಕಿಗಿಂತ ಹೆಚ್ಚಾಗಿ ಬೇಳೆ, ಬೂಟು, ರಮ್ಮಿನ ಪೀಪಾಯಿಗಳ ಜೊತೆ ಅವನ ಸಂಸಾರ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಕುಡಿತ ಬಿಡಿಸಿದ್ದರು. ಈಗ ವರ್ಷಕ್ಕೆ ಉಳಿದಿದ್ದು ಇದೊಂದೇ ಗ್ಲಾಸು, ಅದೂ ಸತ್ತ ಭಾಮೈದನ ದಯದಿಂದ. ಇದು ಆಸೆಗಲ್ಲ, ಕರ್ತವ್ಯಕ್ಕೆ ಎಂದು ಅವನು ಪ್ರತಿ ಸಲವೂ ಮುಖ ಗಂಭೀರ ಮಾಡಿಕೊಂಡು ಹೇಳುತ್ತಿದ್ದ. ಯಾರೂ ನಂಬುತ್ತಿರಲಿಲ್ಲ.

ಮೊದಲಿನಿಂದಲೂ ಮೀದಿ ಇಡುತ್ತಿದ್ದವಳು ದೇಚಮ್ಮನ ತಾಯಿ. ಮಗ ಹೋದ ಮೇಲೆ ಮಗಳ ಜೊತೆ ದೆಹಲಿಯಲ್ಲೇ ಉಳಿದಿದ್ದ ಮುದುಕಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಈ ವರ್ಷ ಮೀದಿ ಮಗಳು ನಿಶಿತಾಳ ಕೈಯಿಂದ ಆಗಲಿ ಎಂದು ದೇಚಮ್ಮ ತೀರ್ಮಾನಿಸಿದಳು. ತನ್ನ ನಂತರವೂ ಅವನನ್ನು ಕರೆಯುವವರೊಬ್ಬರು ಬೇಕಲ್ಲ.

ನಿಶಿತಾ ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಬೇರೆಯವರು ಮಾಡಿಟ್ಟ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ, ಮನೆಗೆ ಬಂದ ಮೇಲೂ ಅದನ್ನೇ ಮುಂದುವರಿಸುತ್ತಿದ್ದಳು. ಆ ಮನೆಯಲ್ಲಿ ಗಂಡಹೆಂಡತಿಯ ಜಗಳ ಕೊಡವ ತಕ್ಕಿನಲ್ಲಿ, ಮಗಳಿಗೆ ಬುದ್ಧಿವಾದ ಕನ್ನಡದಲ್ಲಿ, ಮಗಳ ಎದುರುತ್ತರ ಹಿಂದಿಯಲ್ಲಿ. ಮೀದಿಗೆ ಇನ್ನೊಂದು ವಾರವಿದ್ದಾಗ, ತಾಯಿ ಅಕ್ಕಿ ತರಿ ಜರಡಿ ಹಿಡಿಯುತ್ತಿದ್ದ ಹೊತ್ತಿನಲ್ಲಿ, ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ಕೇಳಿದಳು.

"ಅಮ್ಮ, ಮಾಮಾಗೆ ರಮ್ ಸಚ್‌ಮುಚ್ ಇಷ್ಟ ಇತ್ತಾ? ಕುಡಿಯೋದನ್ನ ಕಿಸ್‌ನೇ ದೇಖಾ?"

ದೇಚಮ್ಮನ ಕೈಯಲ್ಲಿದ್ದ ಜರಡಿ ನಿಂತಿತು. ಇದೆಂಥಾ ಪ್ರಶ್ನೆ ಎಂದು ಗದರಲು ಹೊರಟವಳು ನೆನಪು ಕೆದಕತೊಡಗಿದಳು. ರಮ್ ಇಡಬೇಕೆಂದು ಹೇಳಿದವರು ಊರಿನಲ್ಲಿದ್ದ ದೊಡ್ಡಪ್ಪ. ಹುಡುಗ ರಜೆಗೆ ಬಂದಾಗ ಕ್ಯಾಂಟೀನಿನ ಬಾಟಲಿ ತರುತ್ತಿದ್ದ, ಹಿರಿಯರ ಜೊತೆ ಗ್ಲಾಸು ಹಿಡಿದು ಕೂರುತ್ತಿದ್ದ ಎಂದು ಅವರು ಹೇಳಿದ್ದರು. ಆ ಗ್ಲಾಸಿನದು ಅವನ ಗಂಟಲಿಗೆ ಇಳಿಯಿತೇ ಎಂದು ನೋಡಿದವರು ಯಾರು? ಬಿದ್ದಪ್ಪ ಹೊರಗಿನ ಕೋಣೆಯಿಂದಲೇ ತನ್ನ ಅಭಿಪ್ರಾಯ ಕೊಟ್ಟ. ಇನ್‌ಫ್ಯಾಂಟ್ರಿಯ ಹುಡುಗ, ಅದೂ ಹಿಮದ ಪೋಸ್ಟಿನಲ್ಲಿ, ರಮ್ ಕುಡಿಯದೆ ಇನ್ನೇನು ಪಾನಕ ಕುಡಿಯುತ್ತಾನೆಯೇ? ತಾನು ಅಷ್ಟು ವರ್ಷ ಅಳೆದು ಅಳೆದು ಕೊಟ್ಟಿದ್ದೇನೆ, ಬೇಡವೆಂದ ಒಬ್ಬ ಗಂಡಸನ್ನೂ ಕಂಡಿಲ್ಲ ಎಂದ. ನಿಶಿತಾ ಜಗ್ಗಲಿಲ್ಲ. ಮೀದಿ ಇಡುತ್ತೇನೆ, ಆದರೆ ಅವರಿಗೆ ಇಷ್ಟವಾದದ್ದನ್ನೇ ಇಡುತ್ತೇನೆ, ಸುಮ್ಮನೆ ಪಪ್ಪನಿಗೆ ಇಷ್ಟವಾದದ್ದನ್ನಲ್ಲ ಎಂದು ಹೇಳಿ ಸ್ನಾನಕ್ಕೆ ಹೋದಳು.

ಮಗಳ ಮಾತು ದೇಚಮ್ಮನಿಗೆ ನೇರ ಹೋಗಿ ನಾಟಿತು. ಮೀದಿಯ ಮುಂದೆ ನಿಂತಾಗಲೆಲ್ಲ ಅವಳಿಗೊಂದು ತೊಂದರೆಯಿತ್ತು, ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ತಾನು ಕರೆಯುವುದು ಯಾರನ್ನು? ಮದುವೆಯಾಗಿ ಅವಳು ದೆಹಲಿಗೆ ಬಂದಾಗ ಪೊನ್ನಣ್ಣ ತಲೆ ಬಾಚಿಕೊಳ್ಳದ, ಕವಣೆ ಕಲ್ಲಿನಿಂದ ಮನೆಯ ಹೆಂಚು ಒಡೆಯುವ ಹುಡುಗ. ಆಮೇಲೆ ಅವನನ್ನು ನೋಡಿದ್ದು ಒಂದೇ ಸಲ, ನ್ಯೂಡೆಲ್ಲಿ ಸ್ಟೇಷನ್ನಿನಲ್ಲಿ, ಅವನ ಪಲ್ಟನ್ನಿನ ರೈಲು ಜಮ್ಮುವಿಗೆ ಹೋಗುವಾಗ. ಬೂಟು, ಮೀಸೆ, ಬಿಗಿದ ಬೆಲ್ಟು. ಕೈಗೂಸಾಗಿದ್ದ ನಿಶಿತಾ ಅವನ ಯೂನಿಫಾರ್ಮನ್ನು ಒದ್ದೆ ಮಾಡಿದ್ದಳು, ಅವನು ನಕ್ಕಿದ್ದ. ಅಷ್ಟೆ. ಆ ದಿನ ತನ್ನ ತಮ್ಮನ ಮುಂದೆಯೇ ಅವಳಿಗೆ ಸಂಕೋಚವಾಗಿತ್ತು. ಹುಡುಗನನ್ನು ಕರೆದರೆ ರಮ್ ಕೊಡುವ ಹಾಗಿಲ್ಲ. ಮೀಸೆಯ ಸೈನಿಕನನ್ನು ಕರೆಯೋಣವೆಂದರೆ ಅವನ ಪರಿಚಯ ಅಷ್ಟಕ್ಕಷ್ಟೆ. ಅಮ್ಮ ಇರುವವರೆಗೆ ಕರೆಯುವ ಕೆಲಸ ಅಮ್ಮನದಾಗಿತ್ತು. ಈಗ ತಾನು ಮಗಳಿಗೆ ಏನೆಂದು ಹೇಳಿಕೊಡುವುದು? ಗೊತ್ತಿಲ್ಲದವನನ್ನು ಗೊತ್ತಿಲ್ಲದವಳ ಕೈಗೆ ಒಪ್ಪಿಸಿದ ಹಾಗಾಗುತ್ತದೆ ಎಂದು ಅವಳಿಗೆ ದುಃಖವಾಯಿತು.

ಅವಳು ಗಂಡನ ಬೆನ್ನು ಹತ್ತಿದಳು. ದಿನವಿಡೀ ಮಾಜಿ ಸೈನಿಕರ ವಾಟ್ಸಾಪ್ ಗ್ರೂಪುಗಳಲ್ಲಿ ಶುಭೋದಯ ಹೇಳುತ್ತ ಕೂರುತ್ತೀರಲ್ಲ, ಪೊನ್ನಣ್ಣನ ಪಲ್ಟನ್ನಿನಲ್ಲಿದ್ದವರು ಒಬ್ಬರಾದರೂ ಸಿಗುತ್ತಾರಾ ನೋಡಿ ಎಂದಳು. ಬಿದ್ದಪ್ಪ ಗೊಣಗುತ್ತ ಪೊನ್ನಣ್ಣನ ಫೋಟೋ ಹಾಕಿ, ಊರು ಪಲ್ಟನ್ ಎಲ್ಲ ಬರೆದು ಕಳಿಸಿದ. ಮೊದಲು ಬಂದವು ಬರೀ ಕೈಮುಗಿಯುವ ಚಿತ್ರಗಳು. ಮೂರನೆಯ ದಿನ ಫರೀದಾಬಾದಿನಿಂದ ಒಂದು ವಾಯ್ಸ್ ಮೆಸೇಜು ಬಂತು. ಉದ್ದವೋ ಉದ್ದ, ಹಿಂದೆ ಕುಕ್ಕರಿನ ಸೀಟಿ ಬೇರೆ. ತನ್ನ ಹೆಸರು ದಕ್ಷಿಣಾಮೂರ್ತಿ, ನಂಜನಗೂಡು ಕಡೆಯವನು, ಹವಾಲ್ದಾರನಾಗಿ ನಿವೃತ್ತನಾಗಿ ಇಲ್ಲೇ ಫ್ಯಾಕ್ಟರಿಯೊಂದರ ಸೆಕ್ಯೂರಿಟಿ ನೋಡಿಕೊಳ್ಳುತ್ತಿದ್ದೇನೆ, ಈ ಹುಡುಗ ತನ್ನ ಹತ್ತು ಜನರ ಸೆಕ್ಷನ್ನಿನವನು, ಇವನ ಅಕ್ಕ ಇಷ್ಟು ವರ್ಷ ಮೆಟ್ರೋ ಹತ್ತಿದರೆ ಸಿಗುವಷ್ಟು ದೂರದಲ್ಲಿದ್ದರೆಂದು ಗೊತ್ತೇ ಇರಲಿಲ್ಲ ಎಂದೆಲ್ಲ ಅದರಲ್ಲಿತ್ತು. ದೇಚಮ್ಮ ಅವನನ್ನು ಮೀದಿಯ ದಿನವೇ ಊಟಕ್ಕೆ ಕರೆದಳು.

ಆ ದಿನ ಮಳೆಗೂ ಬಿಸಿಲಿಗೂ ನಡುವಿನ, ಅಂಗಿ ಬೆನ್ನಿಗೆ ಅಂಟುವ ಸೆಖೆ. ಬಿದ್ದಪ್ಪ ಬೆಳಿಗ್ಗೆಯೇ ಐಎನ್‌ಎ ಮಾರ್ಕೆಟ್ಟಿಗೆ ಹೋಗಿ ಮಾಂಸದಂಗಡಿಯ ಭಯ್ಯಾನ ಜೊತೆ ವಾದ ಮಾಡಿ ಕೊಬ್ಬಿರುವ ಮಾಂಸವನ್ನೇ ಆರಿಸಿ ತಂದಿದ್ದ. ಮಧ್ಯಾಹ್ನದ ಹೊತ್ತಿಗೆ ದಕ್ಷಿಣಾಮೂರ್ತಿ ಬಂದ. ದೊಡ್ಡ ಹೊಟ್ಟೆ, ಬಣ್ಣ ಹಚ್ಚಿದ ಕೂದಲು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಮೆಡಲುಗಳ ಸಾಲು. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಬಿದ್ದಪ್ಪನಿಗೆ ಸೆಲ್ಯೂಟ್ ಹೊಡೆದು, ದೇಚಮ್ಮನಿಗೆ ಕೈಮುಗಿದು, ಪೊನ್ನಣ್ಣನ ಫೋಟೋದ ಪಕ್ಕ ನೆಟ್ಟಗೆ ನಿಂತು ಭಾಷಣ ಶುರು ಮಾಡಿದ.

ವರ್ಷ ವರ್ಷ ಫರೀದಾಬಾದಿನ ಶಾಲೆಗಳಲ್ಲಿ ಮಾಡಿ ಮಾಡಿ ಉರುಹೊಡೆದ ಭಾಷಣ ಅದು. ಭಾರತಾಂಬೆ ಬಂದಳು, ರಕ್ತದ ಕೊನೆಯ ಹನಿ ಬಂತು, ಸಿಂಹದ ಗರ್ಜನೆ ಎರಡು ಸಲ ಬಂತು. ಮಕ್ಕಳೇ ಎಂದು ಕರೆದು, ತಕ್ಷಣ ನಾಲಿಗೆ ಕಚ್ಚಿಕೊಂಡು ಅಕ್ಕಾ ಎಂದು ತಿದ್ದಿಕೊಂಡ. ಬಿದ್ದಪ್ಪ ಗೌರವದಿಂದ ಎದ್ದು ನಿಂತಿದ್ದ, ನಿಶಿತಾ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ದೇಚಮ್ಮನಿಗೆ ಮಾತ್ರ ನಿರಾಸೆಯಾಯಿತು. ಭಾಷಣದಲ್ಲಿದ್ದ ವೀರನನ್ನು ಅವಳು ಪ್ರತಿ ಜುಲೈಯಲ್ಲಿ ಟಿ.ವಿ.ಯಲ್ಲಿ ನೋಡಿದ್ದಳು, ಅವನಿಗೆ ಯಾರ ತಮ್ಮನ ಹೆಸರು ಇಟ್ಟರೂ ಹೊಂದುತ್ತಿತ್ತು. ಅಷ್ಟು ದೂರದಿಂದ ಬಂದವರನ್ನು ನೋಯಿಸಬಾರದೆಂದು ಅವಳು ಊಟಕ್ಕೆ ಹೊತ್ತಾಯಿತೆಂದು ಎದ್ದಳು.

ಮೂಲೆಯಲ್ಲಿ ದೀಪ ಹಚ್ಚಿ, ಎಲೆ ಹಾಸಿ, ಪಂದಿ ಕರಿ ಕಡಂಬುಟ್ಟು ಬಡಿಸಿದ್ದಾಯಿತು. ಬೇರೇನೂ ಗೊತ್ತಾಗದ್ದರಿಂದ ನಿಶಿತಾ ಹಟ ಬಿಟ್ಟಿದ್ದಳು. ಬಿದ್ದಪ್ಪ ಬಾಟಲಿ ತೆಗೆದು, ಉಗ್ರಾಣದ ಹಳೆಯ ಕೈಚಳಕದಲ್ಲಿ ಗ್ಲಾಸಿಗೆ ಅಳತೆಯಾಗಿ ಸುರಿದು ಎಲೆಯ ಪಕ್ಕ ಇಟ್ಟ.

ದಕ್ಷಿಣಾಮೂರ್ತಿ ಕತ್ತು ಮುಂದೆ ಚಾಚಿ ನೋಡಿದ. ಇದು ಯಾರಿಗೆ ಎಂದು ಕೇಳಿದ. ಪೊನ್ನಣ್ಣನಿಗೆ, ಪ್ರತಿ ವರ್ಷ ಇಡುತ್ತೇವೆ ಎಂದ ಬಿದ್ದಪ್ಪ.

ಆ ಮನುಷ್ಯ ನಗತೊಡಗಿದ. ಮೊದಲು ಮೆಡಲುಗಳು ಅಲುಗಾಡಿದವು, ಆಮೇಲೆ ಹೊಟ್ಟೆ, ಕಡೆಗೆ ಕೆಮ್ಮು ಬಂದು ಕುರ್ಚಿ ಹಿಡಿದು ಕೂತುಬಿಟ್ಟ. ನಿಶಿತಾ ನೀರು ತಂದುಕೊಟ್ಟಳು.

"ಅಕ್ಕಾ," ಎಂದ ಕಣ್ಣೊರೆಸಿಕೊಳ್ಳುತ್ತ, "ಅವನು ಒಂದು ತೊಟ್ಟೂ ಬಾಯಿಗಿಟ್ಟೋನಲ್ಲ. ಇಷ್ಟು ವರ್ಷ ನೀವು ಇಟ್ಟಿದ್ದೆಲ್ಲ ನನ್ನ ಪಾಲು."

ದೇಚಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು. ಮೀದಿ ಸ್ವಲ್ಪ ಕಾಯಲಿ, ಹೇಳಿ ಎಂದಳು.

ಈ ಸಲ ದಕ್ಷಿಣಾಮೂರ್ತಿ ಭಾಷಣ ಮಾಡಲಿಲ್ಲ. ಪೊನ್ನಣ್ಣನಿಗೆ ರಮ್ಮಿನ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತಂತೆ. ಆದರೆ ಕೊಡಗಿನ ಹುಡುಗ, ಕುಡಿಯುವುದಿಲ್ಲ ಎಂದರೆ ಮರ್ಯಾದೆ ಪ್ರಶ್ನೆ, ಊರಲ್ಲೂ ಪಲ್ಟನ್ನಿನಲ್ಲೂ ಗ್ಲಾಸು ಹಿಡಿದುಕೊಂಡೇ ಕಾಲ ತಳ್ಳುತ್ತಿದ್ದ. ಎತ್ತರದ ಪೋಸ್ಟಿನಲ್ಲಿ ರಮ್ ಹಂಚುವ ದಿನ ಅವನ ಪಾಲು ಗುಟ್ಟಾಗಿ ದಕ್ಷಿಣಾಮೂರ್ತಿಗೆ ಬರುತ್ತಿತ್ತು. ಬದಲಿಗೆ ದಕ್ಷಿಣಾಮೂರ್ತಿಯ ರೇಷನ್ನಿನ ಕಂಡೆನ್ಸ್‌ಡ್ ಮಿಲ್ಕ್, ಆ ಗಟ್ಟಿ ಸಿಹಿ ಹಾಲಿನ ಡಬ್ಬಿ, ಅವನಿಗೆ. ಮುಚ್ಚಳಕ್ಕೆ ಚಾಕುವಿನಲ್ಲಿ ಎರಡು ತೂತು ಹೊಡೆದು, ಕಣ್ಣು ಮುಚ್ಚಿಕೊಂಡು ಚೀಪುತ್ತ ಕೂರುತ್ತಿದ್ದ. ಒಂದು ದಿನ ಸೆಕ್ಷನ್ ಕಮಾಂಡರನ ಕಣ್ಣಿಗೆ ಬಿದ್ದ. ಆ ರೋಹತಕ್ಕಿನ ಜಾಟ ಅವತ್ತಿನಿಂದ ಅವನನ್ನು ಬಿಲ್ಲಿ ಎಂದು ಕರೆಯತೊಡಗಿದ. ಹಾಲು ಕುಡಿಯುವ ಬೆಕ್ಕು. ವಾರದೊಳಗೆ ಇಡೀ ಕಂಪನಿಗೆ ಅವನು ಬಿಲ್ಲಿಯೇ.

ದೇಚಮ್ಮ ಫೋಟೋದ ಕಡೆ ನೋಡಿದಳು. ತಿರುವಿದ ಮೀಸೆ, ನೆಟ್ಟ ದೃಷ್ಟಿ. ಬಿಲ್ಲಿ. ಅವಳಿಗೆ ನಗು ತಡೆಯಲಾಗಲಿಲ್ಲ.

ನಗುವುದನ್ನು ಕಂಡು ದಕ್ಷಿಣಾಮೂರ್ತಿಗೆ ಹುರುಪು ಬಂತು. ಮೊದಲ ಹಿಮ ಬಿದ್ದ ದಿನ ಎಲ್ಲರೂ ಬೆರಳು ಸೆಟೆದು ಒದ್ದಾಡುತ್ತಿದ್ದರೆ, ಪೊನ್ನಣ್ಣ ಊಟದ ತಟ್ಟೆಯಲ್ಲಿ ಹಿಮ ತುಂಬಿ, ಮೇಲೆ ಸಿಹಿ ಹಾಲು ಸುರಿದು, ಐಸ್‌ಕ್ರೀಮ್ ಎಂದು ಇಡೀ ಸೆಕ್ಷನ್ನಿಗೆ ಹಂಚಿದ್ದನಂತೆ. ನಾಲ್ಕು ಜನಕ್ಕೆ ಗಂಟಲು ಕಟ್ಟಿ ಎರಡು ದಿನ ಕಮಾಂಡರನ ಬೈಗುಳ. ಮೆಷಿನ್‌ಗನ್ನಿಗೆ ಗುಂಡು ತುಂಬಿದ ಮ್ಯಾಗಜಿನ್‌ಗಳನ್ನು ಹೊತ್ತು ಏರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಹಾಡುವುದರಲ್ಲಿ ಅವನಷ್ಟು ಕೆಟ್ಟವರೂ ಇರಲಿಲ್ಲ. ಏರುವಾಗ ಹಾಡಬೇಡ ಎಂದು ಕಮಾಂಡರ್ ಆರ್ಡರ್ ಕೊಟ್ಟಿದ್ದು ಶತ್ರುವಿಗೆ ಹೆದರಿ ಅಲ್ಲ ಎಂದು ದಕ್ಷಿಣಾಮೂರ್ತಿ ಆಣೆ ಮಾಡಿ ಹೇಳಿದ. ಸ್ಟೇಷನ್ನಿನಲ್ಲಿ ಅಕ್ಕನ ಕೂಸು ಒದ್ದೆ ಮಾಡಿದ ಯೂನಿಫಾರ್ಮನ್ನು ಅವನು ಜಮ್ಮುವಿನವರೆಗೆ ಬಿಚ್ಚದೆ, ಇದು ನನ್ನ ಸೊಸೆ ಕೊಟ್ಟ ಮೆಡಲ್ ಎಂದು ಬೋಗಿಯಲ್ಲೆಲ್ಲ ತೋರಿಸಿಕೊಂಡು ಬಂದಿದ್ದನಂತೆ. ನಿಶಿತಾ ಎರಡು ಕೈಯಿಂದ ಮುಖ ಮುಚ್ಚಿಕೊಂಡಳು.

ಆಮೇಲೆ ಅವನ ದನಿ ಇಳಿಯಿತು. ಬೆಟ್ಟದ ಹೆಸರು ಅವನು ಹೇಳಲಿಲ್ಲ. ಕತ್ತಲಲ್ಲಿ ಹಗ್ಗ ಹಿಡಿದು ಏರಿದ್ದರು, ಬೆಳಕು ಹರಿಯುವ ಹೊತ್ತಿಗೆ ಮೇಲಿನಿಂದ ಗುಂಡು ಸುರಿಯತೊಡಗಿತು. ದಕ್ಷಿಣಾಮೂರ್ತಿಯ ತೊಡೆಗೆ ಬಿತ್ತು. ಪೊನ್ನಣ್ಣ ಅವನ ಕಾಲರ್ ಹಿಡಿದು ಬಂಡೆಯ ಹಿಂದಕ್ಕೆ ಎಳೆದು ಹಾಕಿದ, ತೊಡೆಗೆ ಪಟ್ಟಿ ಬಿಗಿದ. ಮೇಲೆ ನಮ್ಮವರ ಮೆಷಿನ್‌ಗನ್ ಸುಮ್ಮನಾಗಿತ್ತು, ಗುಂಡು ಮುಗಿದಿತ್ತು. ಯಾರಾದರೂ ಮ್ಯಾಗಜಿನ್ ಒಯ್ಯಲೇಬೇಕಿತ್ತು. ಹೊರಡುವ ಮುಂಚೆ ಪೊನ್ನಣ್ಣ ತನ್ನ ಚೀಲದಿಂದ ಹಾಲಿನ ಡಬ್ಬಿ ತೆಗೆದು ಗೆಳೆಯನ ಕೈಗಿಟ್ಟ.

"ಕುಡೀತಾ ಇರು ಅಂದ. ಅರ್ಧ ಬಿಡು, ಬರ್ತೀನಿ ಅಂದ," ಎಂದ ದಕ್ಷಿಣಾಮೂರ್ತಿ. ಸ್ವಲ್ಪ ಹೊತ್ತಿನಲ್ಲಿ ಮೇಲಿನ ಮೆಷಿನ್‌ಗನ್ ಮತ್ತೆ ಗುಂಡು ಹಾರಿಸತೊಡಗಿತಂತೆ, ಅಂದರೆ ಅವನು ತಲುಪಿದ್ದ. ಇನ್ನೊಂದು ಹೊರೆ ಒಯ್ಯಲು ಕೆಳಗಿಳಿಯುವಾಗ ಗುಂಡು ತಗುಲಿತು. ಮಧ್ಯಾಹ್ನಕ್ಕೆ ಬೆಟ್ಟ ನಮ್ಮದಾಯಿತು. ಗಾಯಾಳುಗಳನ್ನು ಇಳಿಸಲು ಜನ ಬಂದದ್ದು ಸಂಜೆಗೆ. ಅಲ್ಲಿಯವರೆಗೆ ನೀರಿಲ್ಲ, ಅದೊಂದೇ ಡಬ್ಬಿ.

"ಅರ್ಧ ಬಿಟ್ಟಿದ್ದೆ ಅಕ್ಕಾ. ನಾಲಿಗೆ ಒಣಗಿ ಸಾಯ್ತಿದ್ದೆ, ಆದ್ರೂ ಅರ್ಧ ಮುಟ್ಟಲಿಲ್ಲ. ಬರ್ತೀನಿ ಅಂದಿದ್ದನಲ್ಲ."

ದೀಪದ ಬತ್ತಿ ಕರಕಾಗಿ ವಾಸನೆ ಬರುತ್ತಿತ್ತು, ಬಿದ್ದಪ್ಪ ಹೋಗಿ ಅದನ್ನು ಸರಿಮಾಡಿ ಬಂದ. ದೇಚಮ್ಮನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಆದರೆ ಒಳಗೆ ವರ್ಷಗಳಿಂದ ಬಿಗಿದುಕೊಂಡಿದ್ದ ಏನೋ ಸಡಿಲಾಗಿತ್ತು. ಚಿಕ್ಕವನಿದ್ದಾಗ ಸಕ್ಕರೆ ಡಬ್ಬಿಗೆ ಕೈ ಹಾಕಿ, ಕೈ ಸಿಕ್ಕಿಕೊಂಡು, ಡಬ್ಬಿ ಸಮೇತ ಮಂಚದ ಕೆಳಗೆ ಅವಿತಿದ್ದವನು ಅವನೇ. ಎಣ್ಣೆ ಸವರಿ ಕೈ ಬಿಡಿಸಿದವಳು ತಾನೇ. ಆ ಹುಡುಗ ಎಲ್ಲಿಗೂ ಹೋಗಿರಲಿಲ್ಲ, ಬೂಟು ಮೀಸೆಗಳ ಹಿಂದೆಯೇ ಇದ್ದ. ತನಗೆ ಇಬ್ಬರು ತಮ್ಮಂದಿರಿರಲಿಲ್ಲ, ಒಬ್ಬನೇ ಇದ್ದದ್ದು. ಇದನ್ನು ಅವಳು ಬಾಯಿಬಿಟ್ಟು ಹೇಳಿದಳು, ಅಳುತ್ತಲೇ ನಕ್ಕಳು, ಪಂದಿ ಕರಿ ಆರುತ್ತಿದೆ ಎಂದೂ ಅದೇ ಉಸಿರಿನಲ್ಲಿ ಹೇಳಿದಳು.

ನಿಶಿತಾ ಆಗಲೇ ಫೋನಿನಲ್ಲಿ ಬೆರಳಾಡಿಸುತ್ತಿದ್ದಳು. ಮನೆ ಬಾಗಿಲಿಗೇ ಸಾಮಾನು ತಂದುಕೊಡುವ ಆ್ಯಪಿನಲ್ಲಿ ಹಾಲಿನ ಡಬ್ಬಿಯನ್ನು ಹುಡುಕಿ ತರಿಸಿಯೇಬಿಟ್ಟಳು. ಡೆಲಿವರಿ ಭಯ್ಯಾ ತಂದಿಟ್ಟು ಹೋಗುವಷ್ಟರಲ್ಲಿ ಬಿದ್ದಪ್ಪ ಎಲೆಯ ಪಕ್ಕದ ಗ್ಲಾಸನ್ನೇ ನೋಡುತ್ತ ನಿಂತಿದ್ದ. ಹಾಗಾದರೆ ಇದನ್ನೇನು ಮಾಡುವುದು ಎಂದು ಆದಷ್ಟು ಮೆಲ್ಲಗೆ ಕೇಳಿದ. ದೇಚಮ್ಮ ಗ್ಲಾಸನ್ನೆತ್ತಿ ದಕ್ಷಿಣಾಮೂರ್ತಿಯ ಕೈಗೆ ಕೊಟ್ಟಳು. ಬೇರೆಯವರ ಪಾಲು ಇಷ್ಟು ವರ್ಷ ಕುಡಿದಿದ್ದೀರಿ, ಇನ್ನು ಸಾಕು ಎಂದು ಗಂಡನಿಗೆ ಹೇಳಿದಳು. ಅವನ ಮುಖ ಶಾಲೆಗೆ ಕಳಿಸಿದ ಮಗುವಿನ ಹಾಗಾಯಿತು. ನೋಡಲಾರದೆ, ಇನ್ನೊಂದು ಗ್ಲಾಸಿಗೆ ಅವಳೇ ಬೆರಳಷ್ಟು ಸುರಿದಳು. ಅಳತೆ ಕಡಿಮೆಯಾಯಿತು ಎಂದು ಅವನು ಹೇಳುವ ಧೈರ್ಯ ಮಾಡಲಿಲ್ಲ.

ದಕ್ಷಿಣಾಮೂರ್ತಿ ಚಾಕು ಕೇಳಿ ಪಡೆದು, ಮುಚ್ಚಳದಲ್ಲಿ ಎದುರುಬದುರಾಗಿ ಎರಡು ತೂತು ಹೊಡೆದು, ಡಬ್ಬಿಯನ್ನು ನಿಶಿತಾಳಿಗೆ ಕೊಟ್ಟ. ಅವಳು ಎಲೆಯ ಮುಂದೆ ಮಂಡಿಯೂರಿ ಕೂತಳು. ಮಾಮಾ ಎನ್ನಲು ಹೋಗಿ, ಫೋಟೋ ನೋಡಿ ತಾಯಿಯ ಕಡೆ ತಿರುಗಿದಳು.

"ಅಮ್ಮ, ಏ ತೋ ಬಚ್ಚಾ ಹೈ. ನನಗಿಂತ ಎಷ್ಟು ಚಿಕ್ಕವನು. ನಮ್ಮ ಆಫೀಸಿಗೆ ಹೊಸದಾಗಿ ಸೇರೋ ಹುಡುಗರ ಹಾಗಿದಾನೆ."

ನಿಜ. ಅಮ್ಮ ಮುದುಕಿಯಾಗಿ ಹೋದಳು, ಅಕ್ಕನ ಕೂದಲು ನೆರೆಯಿತು, ಒದ್ದೆ ಮಾಡಿದ ಕೂಸಿಗೂ ಅವನ ವಯಸ್ಸು ದಾಟಿತು. ಅವನಿಗೆ ಮಾತ್ರ ಇನ್ನೂ ಇಪ್ಪತ್ತೆರಡು. ಹಾಗಾದರೆ ಹೆಸರು ಹಿಡಿದೇ ಕರಿ, ಅವನೇನೂ ಬೇಜಾರು ಮಾಡಿಕೊಳ್ಳುವವನಲ್ಲ ಎಂದಳು ದೇಚಮ್ಮ. ಈ ಮಾತನ್ನು ಅವಳು ಅವನನ್ನು ಬಲ್ಲವಳಾಗಿಯೇ ಹೇಳಿದಳು.

ನಿಶಿತಾ ಡಬ್ಬಿಯನ್ನು ಎಲೆಯ ಪಕ್ಕಕ್ಕಿಟ್ಟಳು. ಯಾವಾಗಲೂ ಹಿಂದಿಗೆ ಜಾರುವ ಹುಡುಗಿ ಒಂದೊಂದೇ ಮಾತನ್ನು ಹುಡುಕಿಕೊಂಡು, ಕನ್ನಡದಲ್ಲೇ ಅವನನ್ನು ಕರೆದಳು.

"ಬಾ ಪೊನ್ನಣ್ಣ. ಯಾರಿಗೂ ಅರ್ಧ ಬಿಡಬೇಡ. ಪೂರ್ತಿ ಕುಡಿ."